ಅಂಬುಬಾಯಿಯ ಗಲ್ಲಾದ ಮೇಲಿನ ಗುಂಡನೆ ಗೆರೆ

ನಜಮುನ್ನಿಸಾ ಅಕ್ಕೋರಿಗೆ ಒಂದು ಕೆಟ್ಟ ಚಟವಿತ್ತು. ಎದುರಿಗಿದ್ದವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ತನಕ ಅವರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಆಳಂದದಲ್ಲಿ ಹುಟ್ಟಿ ಬೆಳೆದವರು, ೧೯೮೪ರಲ್ಲಿ ಕರಜಗಿಯಾಚೆಯ ಒಂದು ಸಣ್ಣ ಊರಿನ ಶಾಲೆಗೆ ಶಿಕ್ಷಕಿಯಾಗಿ ಬಂದರು. ಒಂದೇ ಕೋಣೆ, ನಾಲ್ಕು ತರಗತಿ. ಹೆಡ್‌ಮಾಸ್ತರರೂ ಅವರೇ, ಗಂಟೆ ಹೊಡೆಯುವವರೂ ಅವರೇ.

ಮಕ್ಕಳಿಂದ ಗಲ್ಲಾದಲ್ಲಿ ಕಾಸು ಕೂಡಿಸುವ ಹುಚ್ಚು ಅವರಿಗೆ ಹಿಡಿದದ್ದಕ್ಕೆ ಒಂದು ಕಾರಣವಿದೆ. ಚಿಕ್ಕಂದಿನಲ್ಲಿ ಕಂಪಾಸ ಪೆಟ್ಟಿಗೆ ಕೊಳ್ಳಬೇಕೆಂದು ವರ್ಷವಿಡೀ ಡಬ್ಬಿಯಲ್ಲಿ ಕಾಸು ಕೂಡಿಸಿದ್ದರು. ಒಂದು ದಿನ ಮಾಮಾ ಅದನ್ನೆತ್ತಿಕೊಂಡು ಹೋಗಿ ಗೆಳೆಯರಿಗೆಲ್ಲ ಚಹಾ ಕುಡಿಸಿ ಬಂದ. ಇವರು ಅತ್ತರೆ, "ಯಾತಕ್ಕ ಇಟ್ಟೀದಿ ಅಂತ ಡಬ್ಬಿ ಮ್ಯಾಲ ಬರದಿದ್ದೇನು?" ಎಂದು ನಕ್ಕ. ಆ ನಗೆಯ ಸಿಟ್ಟು ಅವರಿಗೆ ಮೂವತ್ತು ದಾಟಿದರೂ ಇಳಿದಿರಲಿಲ್ಲ.

೧೯೮೬ರ ಮಳೆಗಾಲ. ಕುಂಬಾರ ದಶರಥನಿಗೆ ಹೇಳಿ ಅಕ್ಕೋರು ಮಕ್ಕಳಿಗೊಂದರಂತೆ ಮೂವತ್ತೊಂದು ಮಣ್ಣಿನ ಗಲ್ಲಾ ಮಾಡಿಸಿದರು. ನೆತ್ತಿಯ ಮೇಲೆ ಒಂದು ಸೀಳು, ಅಷ್ಟೇ. ಒಡೆಯದೆ ಒಳಗಿನದು ಹೊರಗೆ ಬರುವಂತಿಲ್ಲ. ಯಾತಕ್ಕೆ ಕೂಡಿಸುತ್ತೀಯೋ ಅದನ್ನು ಗಲ್ಲಾದ ಮೇಲೆ ಸುಣ್ಣದಲ್ಲಿ ಬರೆಯಬೇಕು ಇಲ್ಲವೇ ಚಿತ್ರ ತೆಗೆಯಬೇಕು, ದೀಪಾವಳಿಗೆ ಮೊದಲು ಒಡೆಯಬಾರದು. ಇವೆರಡೇ ಕಾಯಿದೆ. ಗುಡುಸಾಬ ಎಂಬ ಹುಡುಗ ಬಸ್ಸು ಬರೆದ. ಅವನಿಗೆ ಜೇವರ್ಗಿಗೆ ಹೋಗಿ ದಿನಪೂರ್ತಿ ಲಾರಿ ನೋಡಬೇಕಿತ್ತು.

"ಜೇವರ್ಗಿ ಮುಟ್ಟಿ ಹೊಳ್ಳಿ ಬರಾಕ ಎಷ್ಟು ಬೇಕೋ? ವಾರಕ್ಕ ಎಷ್ಟು ಹಾಕಿದ್ರ ಮುಟ್ಟತೀದಿ?" ಎಂದು ಅಕ್ಕೋರು ಕೇಳಿದರು. ವರ್ಷವಿಡೀ ತಲೆಗೆ ಹತ್ತದ ಭಾಗಾಕಾರ ಆ ಹುಡುಗನಿಗೆ ಅಂದೇ ಹತ್ತಿತು.

ಮೂರನೇ ತರಗತಿಯ ಅಂಬುಬಾಯಿ ಮಾತ್ರ ಒಂದು ಗುಂಡನೆ ಗೆರೆ ಎಳೆದು ಸುಣ್ಣದ ಕೈ ಒರೆಸಿಕೊಂಡಳು.

"ಏನಬೇ ಇದು? ರೊಟ್ಟಿಯೇನು?"

"ಅಲ್ರಿ ಅಕ್ಕೋರ."

"ಬಳಿ? ಸೈಕಲ್ ಗಾಲಿ?"

"ಅಲ್ರಿ. ಹೇಳಂಗಿಲ್ರಿ. ಬರಿ ಅಂದ್ರಿ, ಬರದೇನಿ."

ಕಾಯಿದೆ ಮಾಡಿದವರೇ ಕಾಯಿದೆಯಲ್ಲಿ ಸಿಕ್ಕಿಬಿದ್ದರು. ಅಂದಿನಿಂದ ಅಕ್ಕೋರಿಗೆ ನೆಮ್ಮದಿಯಿಲ್ಲ. ಪಾಠ ಹೇಳುವಾಗಲೂ ಕಣ್ಣು ಗೂಡಿನಲ್ಲಿದ್ದ ಆ ಗಲ್ಲಾದ ಮೇಲೇ. ಹುಡುಗಿ ದಿನಾ ಬೇವಿನ ಮರದಡಿ ಉದುರಿದ ಬೀಜ ಆಯ್ದು, ಒಣಗಿಸಿ, ಅಂಗಡಿಗೆ ಮಾರಿ, ಸಿಕ್ಕ ಚಿಲ್ಲರೆ ತಂದು ಹಾಕುತ್ತಿದ್ದಳು. ಒಂದು ಪೆಪ್ಪರಮಿಂಟಿಗೂ ಅದರಲ್ಲಿ ಕಾಸು ಮುರಿಯಲಿಲ್ಲ. ಎಂಟು ವರ್ಷದ ಕೂಸಿಗೆ ಇಷ್ಟು ಹಟ ಹುಟ್ಟಿಸುವ ಆ ಗುಂಡನೆಯ ವಸ್ತು ಯಾವುದು? ಚಂದ್ರನೇ? ಬಾರಿಸುವ ಹಲಗೆಯೇ? ಅಕ್ಕೋರು ಊರ ಹೆಂಗಸರನ್ನು ಕೇಳಿದರು, ಅಂಗಡಿಯವನನ್ನು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ದಸರೆಯ ಮರುದಿನ ಶಾಲೆ ತೆರೆಯುವ ಮೊದಲೇ ಅಂಬುಬಾಯಿ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕೋರ, ನನ್ನ ಗಲ್ಲಾ ಕೊಡ್ರಿ. ಇವತ್ತೇ ಒಡಿಬೇಕ್ರಿ."

"ದೀಪಾವಳಿ ತನಕ ಇಲ್ಲ. ತಾಳಲಾರದವರಿಗೆ ಏನೂ ದಕ್ಕಂಗಿಲ್ಲ."

"ನಾಡದು ಟೋಳಿ ಹೊಂಡತದ್ರಿ," ಎಂದವಳಿಗೆ ಅಳು ಬಂದೇಬಿಟ್ಟಿತು. "ಅಕ್ಕನ್ನೂ ಕರಕೊಂಡು ಹೋಗ್ತಾರ್ರಿ."

ಆ ಊರಿನ ಎಷ್ಟೋ ಮನೆಯವರು ದಸರೆ ಕಳೆದ ಮೇಲೆ ಟೋಳಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗಿ, ಬೇಸಿಗೆಗೆ ತಿರುಗಿ ಬರುತ್ತಿದ್ದರು. ಅಂಬುಬಾಯಿಯ ತಂದೆತಾಯಿಯೂ ಹೋಗುವವರೇ. ಅವಳು ಅಜ್ಜಿಯ ಹತ್ತಿರ ಉಳಿಯುತ್ತಿದ್ದಳು, ಅಕ್ಕ ಸುಂದರಬಾಯಿ ಅವರೊಂದಿಗೆ ಹೋಗುತ್ತಿದ್ದಳು.

ಅಕ್ಕೋರು ಹುಡುಗಿಯನ್ನು ಪಕ್ಕಕ್ಕೆ ಕೂಡಿಸಿಕೊಂಡರು. "ಈಗರೆ ಹೇಳು. ಆ ಗುಂಡಂದು ಏನು?"

"ಸಿಕ್ಕಾ ರಿ. ಕಾಗದಕ್ಕ ಹೊಡಿತೀರಲ್ರಿ, ನೀಲಿದು. ಅಫಜಲಪುರ ಸಂತಿಯಾಗ ಲಾಲಸಾಬ ಅಂತ ಒಬ್ಬಾತ ರಬ್ಬರಿನ್ಯಾಗ ಕೆತ್ತತಾನ್ರಿ. ಹನ್ನೆರಡು ರೂಪಾಯಿ ಅಂದಾನ."

ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. "ಸಿಕ್ಕಾ ತೊಗೊಂಡು ನೀ ಏನು ಮಾಡ್ತೀದಿ? ಕಚೇರಿ ತೆರಿತೀದೇನು?"

"ಅಕ್ಕ ಹೋದ ವರ್ಷ ಸಾಲಿಗೆ ಬಂದಿದ್ದಳಲ್ರಿ. ಸಿಕ್ಕಾ ಹೊಡದ ಕಾಗದ ತಾ, ಹೆಸರು ಹಚ್ಚತೀನಿ ಅಂತ ನೀವೇ ಅಂದಿದ್ರಿ." ಹುಡುಗಿ ಪಾಟಿಚೀಲದಿಂದ ನೀಟಾಗಿ ಮಡಿಚಿಟ್ಟ ಒಂದು ಖಾಲಿ ಹಾಳೆ ತೆಗೆದಳು. "ಕಾಗದ ಅದರಿ. ಸಿಕ್ಕಾ ಒಂದೇ ಇಲ್ರಿ."

ನಗು ನಿಂತಿತು. ಅಕ್ಕೋರಿಗೆ ನೆನಪಾಯಿತು. ಹಿಂದಿನ ವರ್ಷ ಶಾಲೆ ಸುರುವಾದ ವಾರ ಬಾಗಿಲಲ್ಲಿ ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ನಿಂತಿದ್ದಳು. ಗೈರುಹಾಜರಿಗಾಗಿ ಅವಳ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಲಾಗಿತ್ತು. ಕಬ್ಬಿನ ಕಡೆ ಶಾಲೆಗೆ ಹೋಗಿದ್ದರೆ ಅಲ್ಲಿಯ ಕಾಗದ ತಾ ಎಂದು, ಹಾಜರಿಯಿಂದ ತಲೆ ಎತ್ತದೆಯೇ ಹೇಳಿ ಕಳಿಸಿದ್ದರು. ಕಾಗದವಿಲ್ಲದಿದ್ದರೂ ಓದಿಸಿ ನೋಡಿ ಸೇರಿಸಿಕೊಳ್ಳಲು ಬರುತ್ತಿತ್ತು. ಅದು ಅವರಿಗೆ ಅಂದೂ ಗೊತ್ತಿತ್ತು. ಆದರೆ ಇನ್ಸ್‌ಪೆಕ್ಟರು ಕೇಳಿಯಾರೆಂಬ ಅಂಜಿಕೆ, ನಾಲ್ಕು ಸಾಲು ಹೆಚ್ಚಿಗೆ ಬರೆಯುವ ಬೇಸರ. ಊರಿನವರ ಹೊಟ್ಟೆಯೊಳಗಿನದನ್ನೆಲ್ಲ ಕೆದಕಿ ಕೇಳುವ ಹೆಂಗಸು, ಆ ಹುಡುಗಿ ಮತ್ತೆ ಯಾಕೆ ಬರಲಿಲ್ಲ ಎಂದು ಮಾತ್ರ ಕೇಳಿರಲಿಲ್ಲ. ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಅಂದು ಶಾಲೆ ಬಿಟ್ಟ ಕೂಡಲೇ ಅಕ್ಕೋರು ದಾಖಲಾತಿ ಪುಸ್ತಕ, ಸಿಕ್ಕಾ, ಶಾಯಿಡಬ್ಬಿ ಕಂಕುಳಲ್ಲಿ ಹಿಡಿದು ಅವರ ಮನೆಗೆ ನಡೆದರು. ಅಂಬುಬಾಯಿ ಗಲ್ಲಾ ಎದೆಗವಚಿಕೊಂಡು ಹಿಂದೆ ಬಂದಳು. ಅಂಗಳದಲ್ಲಿ ತಂದೆ ದೌಲತರಾಯ ಪಾತ್ರೆಪಗಡಗಳನ್ನು ಗಂಟು ಕಟ್ಟುತ್ತಿದ್ದ.

"ಸುಂದರಬಾಯಿನ್ನ ಬಿಟ್ಟು ಹೋಗ್ರಿ," ಎಂದರು ಅಕ್ಕೋರು.

"ಸಾಲಿಯೊಳಗ ಹೆಸರಿದ್ರ ಮುದುಕಿ ಕಡಿ ಬಿಡ್ತಿದ್ದೇವ್ರಿ. ನೀವೇ ಒಲ್ಲೆ ಅಂದ್ರಿ. ಹಾಂಗ ಹರೇದ ಹುಡುಗಿನ್ನ ಖಾಲಿ ಬಿಟ್ಟು ಹ್ಯಾಂಗ ಹೋಗೂದು?"

ಸುಂದರಬಾಯಿ ಆಡು ಕಟ್ಟಿ ಬಂದು ನಿಂತಳು. ಅಕ್ಕೋರು ತಂಗಿಯ ಪುಸ್ತಕ ಕೊಟ್ಟು ಓದಿಸಿದರು. ಒತ್ತಕ್ಷರಕ್ಕೆ ತಡವರಿಸಿದರೂ ಹುಡುಗಿ ನಿಲ್ಲಲಿಲ್ಲ. ಲೆಕ್ಕ ಕೇಳಿದರು, ಮೂರರಲ್ಲಿ ಎರಡು ಸರಿಯಾದವು. ಅಕ್ಕೋರು ಕಟ್ಟೆಯ ಮೇಲೆಯೇ ಪುಸ್ತಕ ಬಿಚ್ಚಿ ನಾಲ್ಕನೇ ತರಗತಿಗೆ ಹೆಸರು ಬರೆದರು. ಆಮೇಲೆ ಅಂಬುಬಾಯಿ ಕೂಡಿಟ್ಟಿದ್ದ ಆ ಖಾಲಿ ಹಾಳೆಯ ಮೇಲೂ ಅದನ್ನೇ ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿದರು. ಗುಂಡಗೆ, ನೀಲಿಯಾಗಿ ಮೂಡಿತು. ದೌಲತರಾಯ ಮಗಳ ಬಟ್ಟೆಯನ್ನು ಗಂಟಿನಿಂದ ತೆಗೆದು ಹೊರಗಿಟ್ಟ.

ಅಂಬುಬಾಯಿ ಗಲ್ಲಾ ಮುಂದೆ ಚಾಚಿದಳು. "ಎಷ್ಟಾತ್ರಿ ಅಕ್ಕೋರ?"

"ಏನೂ ಇಲ್ಲಬೇ. ಇದಕ್ಕ ರೊಕ್ಕ ಇರಂಗಿಲ್ಲ."

ಹುಡುಗಿ ಗಲ್ಲಾ ಹಿಂದಕ್ಕೆಳೆದುಕೊಂಡು ಅಕ್ಕನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದಳು.

"ಹಂಗಾರ ಹೋದ ವರ್ಷ ಎಷ್ಟಿತ್ರಿ?"

ಸುಂದರಬಾಯಿ ಹಸಿ ಶಾಯಿಯನ್ನು ಊದಿ ಒಣಗಿಸುತ್ತಿದ್ದಳು. ನಜಮುನ್ನಿಸಾ ಅಕ್ಕೋರು ಶಾಯಿಡಬ್ಬಿ ಮುಚ್ಚುವುದನ್ನು ಬಿಟ್ಟು, ಕೂಸಿನ ಮುಖ ನೋಡಿ ಹೇಳಿದರು:

"ಹೋದ ವರ್ಷನೂ ಏನೂ ಇರಲಿಲ್ಲಬೇ."