ಹಿತ್ತಲಿನಲ್ಲಿ ಬೆಂದ ಬ್ರೆಡ್ ಪುಡಿಂಗ್

ನಮ್ಮತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸದಾ ಅರಿಶಿನ ಸೇರಿಕೊಂಡಿರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಬೆರಳಲ್ಲೇ ಅವರು ಉಪ್ಪು ಅಳೆಯುತ್ತಿದ್ದುದು. ಬಸವನಗುಡಿಯ ನಮ್ಮ ಮನೆಯಲ್ಲಿ ನೈವೇದ್ಯವಾಗದೆ ಯಾವ ಅಡುಗೆಯನ್ನೂ ಬಡಿಸುತ್ತಿರಲಿಲ್ಲ, ನೈವೇದ್ಯಕ್ಕೆ ಮೊದಲು ರುಚಿ ನೋಡುವಂತೆಯೂ ಇರಲಿಲ್ಲ. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಅವರು ನಾಲಿಗೆಗೆ ತಾಗಿಸದೆಯೇ ಅಡುಗೆ ಮಾಡಿದವರು. ಹುಳಿಗೆ ಉಪ್ಪು ಹೆಚ್ಚಾದದ್ದು ನನಗೆ ನೆನಪಿಲ್ಲ. "ಹಬೆ ಮೂಗಿಗೆ ಬಂದ್ರೆ ಗೊತ್ತಾಗತ್ತೆ ಕಣೇ," ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಮೊದಲ ಮಗು ಹುಟ್ಟಿ ಒಂದೇ ದಿನಕ್ಕೆ ಹೋಯಿತು. ಆಮೇಲೆ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. "ಹೀಗೇ ಆದ್ರೆ ಈ ಹುಡುಗಿ ಉಳಿಯೋದು ಕಷ್ಟ. ಮೊಟ್ಟೆ ಕೊಡಿ," ಎಂದರು ಲೇಡಿ ಡಾಕ್ಟರು. ನಾನು ಮುಖ ತಿರುಗಿಸಿದೆ. "ಬ್ರೆಡ್ ಪುಡಿಂಗ್ ಮಾಡಿ ಕೊಡಿ, ವಾಸನೆ ಗೊತ್ತಾಗಲ್ಲ," ಎಂದು ಇಂಗ್ಲಿಷರ ಆ ತಿಂಡಿಯನ್ನು ಮಾಡುವ ಬಗೆಯನ್ನು ಚೀಟಿಯ ಹಿಂದೆ ಬರೆದುಕೊಟ್ಟರು. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಗವಿಪುರಂವರೆಗೆ ನಡೆದು ಮೊಟ್ಟೆ ತಂದರು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೀಮೆಎಣ್ಣೆ ಸ್ಟೌ ಹಚ್ಚಿ, ಹಳೇ ಪಾತ್ರೆಗೆ ಮರಳು ಸುರಿದು ಕಾಯಿಸಿದರು. ಬೆಣ್ಣೆ ಸವರಿದ ಬ್ರೆಡ್ಡನ್ನು ಡಬ್ಬಿಯಲ್ಲಿ ಜೋಡಿಸಿ, ದ್ರಾಕ್ಷಿ ಉದುರಿಸಿ, ಹಾಲು, ಸಕ್ಕರೆ, ಮೊಟ್ಟೆ ಕದಡಿ ಮೇಲೆ ಹೊಯ್ದು, ಜಾಯಿಕಾಯಿ ತುರಿದು, ಮರಳಿನ ಮೇಲಿಟ್ಟು ಮುಚ್ಚಿದರು. ದಿನವೂ ಮೂಗಿಗೆ ಸೆರಗು ಕಟ್ಟಿಕೊಂಡೇ ಈ ಕೆಲಸ. ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರುವುದು. ಡಬ್ಬಿಯನ್ನು ನನ್ನ ಗಂಡ ತಂದುಕೊಡುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, "ಹೇಗಿದೆ?" ಎಂದು ಕೇಳುವರು.

"ಚೆನ್ನಾಗಿದೆ," ಎಂದು ಎರಡು ಚಮಚ ತಿಂದು ಗೋಡೆ ಕಡೆ ಹೊರಳುತ್ತಿದ್ದೆ. ಒಂದು ದಿನ ನಾನು ಬಿಟ್ಟದ್ದನ್ನು ನನ್ನ ಗಂಡ ಬಾಯಿಗೆ ಹಾಕಿಕೊಂಡು, "ಅಮ್ಮಾ, ಸಕ್ಕರೇನೇ ಹಾಕಿಲ್ವಲ್ಲ!" ಎಂದರು. ಅತ್ತೆ ಮರೆತಿದ್ದರು. ನಾನೋ, ಅದನ್ನೂ ಚೆನ್ನಾಗಿದೆ ಎಂದಿದ್ದೆ. ಅತ್ತೆ ನನ್ನ ಮುಖವನ್ನೇ ನೋಡಿದರು. "ಇವಳ ಮಾತು ನಂಬೋ ಹಾಗಿಲ್ಲ," ಎಂದಷ್ಟೇ ಹೇಳಿ ಹೋದರು.

ಮರುದಿನ ಮಲಗಿದ್ದಲ್ಲಿಂದಲೇ ಕಿಟಕಿಯಲ್ಲಿ ನೋಡಿದೆ. ಅತ್ತೆ ಹಿತ್ತಲಿನ ಸುತ್ತ ಒಮ್ಮೆ ಕಣ್ಣಾಡಿಸಿ, ಡಬ್ಬಿಯಿಂದ ಒಂದು ಚಮಚ ತೆಗೆದು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿಕೊಂಡಿತು. ಉಗುಳಲಿಲ್ಲ, ನುಂಗಿದರು. "ಸಕ್ಕರೆ ಇನ್ನೂ ಸಾಲದು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮೇಲೊಂದಿಷ್ಟು ಉದುರಿಸಿದರು. ಮಗು ಹೋದ ಮೇಲೆ ನಾನು ಮೊದಲ ಸಲ ಅತ್ತದ್ದು ಅವತ್ತು. ಅತ್ತು ಅತ್ತು ಹಸಿವಾಯಿತು. ಡಬ್ಬಿ ಖಾಲಿ ಮಾಡಿದೆ.

ಅಂದಿನಿಂದ ಕೆಲವು ದಿನ ದೇವರ ಮುಂದೆ ಹಾಲು, ಹಣ್ಣು ಮಾತ್ರ ಇರುತ್ತಿತ್ತು. ನಾನು ಚೇತರಿಸಿಕೊಂಡು ಒಲೆ ಮುಂದೆ ನಿಲ್ಲುವಂತಾದಾಗ ಅತ್ತೆ, "ಇನ್ನು ನೈವೇದ್ಯದ ಅಡುಗೆ ನಿಂದು. ನನಗೆ ಮಂಡಿ ನೋವು," ಎಂದುಬಿಟ್ಟರು. ಹಬ್ಬದ ದಿನಗಳಲ್ಲಿ ಅಷ್ಟೂ ಅಡುಗೆ ಒಬ್ಬಳೇ ಮಾಡುವಾಗ ನನಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಗೆ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವಾಗ ಇಲ್ಲದ ನೋವು ಅಡುಗೆಮನೆಯಲ್ಲಿ ಮಾತ್ರ ಬರುತ್ತದೆಯೇ? ಅವರ ಕಿವಿಗೆ ಬೀಳುವಂತೆಯೇ ಗಂಡನ ಹತ್ತಿರ ಇದನ್ನು ಅಂದದ್ದೂ ಉಂಟು. ಅತ್ತೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಹೀಗೇ ಹನ್ನೆರಡು ವರ್ಷ ಕಳೆಯಿತು.

ಅವರು ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಕಾಲಿಗೆ ಎಣ್ಣೆ ಹಚ್ಚುತ್ತ, "ಅಮ್ಮ, ಮಂಡಿ ನೋಯ್ತಿದೆಯಾ?" ಎಂದೆ.

"ಮಂಡಿ ಯಾವತ್ತು ನೋಯ್ತಿತ್ತು? ಮೊಟ್ಟೆ ತಿಂದ ಬಾಯಿ ಕಣೇ. ದೇವರಿಗೆ ಹೇಗೆ ಮಾಡ್ಲಿ? ಅದಕ್ಕೇ ಬಿಟ್ಟೆ."

"ನಾನೂ ತಿಂದಿದ್ದೆನಲ್ಲಮ್ಮ?"

"ನಿಂಗದು ಔಷಧಿ. ನಾನು ಗಟ್ಟಿಮುಟ್ಟಾಗಿದ್ದು ತಿಂದವಳು."

"ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ತಿನ್ನೋದು ಬಿಟ್ಬಿಡ್ತಿದ್ದೆ."

ನಾಲ್ಕು ದಿನದ ಮೇಲೆ ಹೋದರು. ತಪ್ಪಾಯಿತು ಎನ್ನಲು ನನಗೆ ನಾಲ್ಕು ದಿನವಿತ್ತು, ಬಾಯಿ ಬರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಅವರು ದೇವರ ಮುಂದಿನ ತಮ್ಮ ಜಾಗವನ್ನೇ ಬಿಟ್ಟುಕೊಟ್ಟಿದ್ದರು. ಆ ಜಾಗದಲ್ಲಿ ನಾನು ಹನ್ನೆರಡು ವರ್ಷ ಗೊಣಗುತ್ತ ನಿಂತಿದ್ದೆ.