ಕತ್ತರಿ ಅತ್ತೆಯ ಕಚ್ಚಾಮಾಲು

ನಮ್ಮ ಕತ್ತರಿ ಅತ್ತೆಯ ಕೈಗೆ ತಲೆ ಕೊಟ್ಟವರಿಗೆ ಗೊತ್ತು, ಅಲ್ಲಿ ಅಲ್ಲಾಡುವ ಮಾತೇ ಇಲ್ಲ. ಗದ್ದ ಹಿಡಿದು ಮೇಲೆತ್ತಿ, ಕಿವಿ ಮಡಚಿ, ತಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರೆ ಮುಗಿಯಿತು. "ಸುಮ್ನಿರು, ಸುಮ್ನಿರು, ಆಯ್ತು ಆಯ್ತು" ಅನ್ನುತ್ತಾರೆ. ಕೆಲಸ ಆದಮೇಲೆ ಬೆನ್ನಿಗೆ ಪಟ್ಟಂತ ಒಂದು ಬಾರಿಸಿ, "ಹೋಗು, ಮೇಯಿ ಹೋಗು!" ಅಂತ ಬಿಟ್ಟುಬಿಡುತ್ತಾರೆ. ಬ್ಯಾಂಕಿನ ಮ್ಯಾನೇಜರಿಗೂ ಇದೇ, ಹಾಲುಹಲ್ಲಿನ ಮಗುವಿಗೂ ಇದೇ. ತಲೆಗೆಲ್ಲ ಒಂದೇ ಮಂತ್ರ ಅನ್ನುವ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು!

ಏನು ಮಾಡುವುದು, ಅತ್ತೆ ಕೆಲಸ ಕಲಿತದ್ದೇ ಕುರಿಗಳ ಮೇಲೆ. ಅವರು ನನ್ನ ಅಪ್ಪನ ಅಕ್ಕ. ಗುಡ್ಡದ ಬುಡದಲ್ಲಿ ಅವರದೊಂದು ತಗಡಿನ ಶೆಡ್ಡಿದೆ. ಉಣ್ಣೆ ಕತ್ತರಿಸುವ ಕಾಲ ಮುಗಿದರೆ ಶೆಡ್ಡು ಭಣಭಣ. ಹಾಗೆ ಖಾಲಿ ಕೂತಿದ್ದಾಗ ಒಂದು ದಿನ ಮಾವ ಲೈಸೆನ್ಸಿನ ಫೋಟೋಗೆ ಹೊರಟಿದ್ದರು, ತಲೆ ಹುಲ್ಲಿನ ಬಣವೆ ಆಗಿತ್ತು. ಅತ್ತೆ ಹಿಡಿದು ಕೂರಿಸಿ ಕತ್ತರಿ ಆಡಿಸಿದರು. ಮಾವ ಹೊರಗೆ ಬಂದಾಗ ಪಕ್ಕದ ಹೊಲದವರು "ಯಾರಪ್ಪಾ ಈ ಹುಡುಗ?" ಅಂದರಂತೆ. ಮರುದಿನ ಅವರೇ ಬಂದು ಕೂತರು. ಆಮೇಲೆ ಅವರ ತಮ್ಮ, ತಮ್ಮನ ಬೀಗರು, ಕೊನೆಗೆ ಪೇಟೆಯಿಂದ ಕಾರು ಮಾಡಿಕೊಂಡು ಜನ. ಇತ್ತ ಕುರಿಗಳು ವರ್ಷ ವರ್ಷ ಕಡಿಮೆಯಾಗುತ್ತಾ ಬಂದವು. ಈಗ ಶೆಡ್ಡಿನ ಬಾಗಿಲು ತೆರೆದಿರುವುದೇ ಮನುಷ್ಯರ ತಲೆಗಳಿಂದ.

ಎಲ್ಲ ಚೆನ್ನಾಗಿಯೇ ಇತ್ತು, ಮಾವ ಬೋರ್ಡು ಬರೆಯುವವರೆಗೆ. "ಇಲ್ಲಿ ಕುರಿಗಳಿಗೆ ಕತ್ತರಿ ಹಾಕಲಾಗುವುದು" ಅಂತ ಇದ್ದ ಹಳೇ ಬೋರ್ಡಿನ ಕೆಳಗೆ, ಕೆಂಪು ಬಣ್ಣದಲ್ಲಿ "ಮನುಷ್ಯರಿಗೂ" ಅಂತ ಸೇರಿಸಿಬಿಟ್ಟರು. ಅದೂ ದಾರಿಗೆ ಕಾಣುವಷ್ಟು ದಪ್ಪಗೆ.

ನಮ್ಮದು ರಕ್ಷಿತ ಹಳ್ಳಿ ವಲಯ. ಹೊಲ, ಗುಡ್ಡ, ಹೊಳೆ ಹಾಗೇ ಉಳಿಯಲಿ ಅಂತ ಇಲ್ಲಿ ಕಂಡಕಂಡ ಅಂಗಡಿ ಇಡುವಂತಿಲ್ಲ. ಕೃಷಿಗೆ ಸಂಬಂಧಪಟ್ಟ ಕಸುಬಿಗೆ ಮಾತ್ರ ಅವಕಾಶ. ಇದನ್ನು ನೋಡಿಕೊಳ್ಳುವ ಸಾಹೇಬರು ಒಂದು ಬೆಳಿಗ್ಗೆ ಆ ದಾರಿಯಲ್ಲಿ ಬಂದರು, ಬೋರ್ಡು ಓದಿದರು, ಒಳಗೆ ಬಂದರು. ತುಂಬಾ ಮೆತ್ತಗಿನ ಮನುಷ್ಯ. ತಲೆ ಮಾತ್ರ ನುಣ್ಣಗೆ. ಕಿವಿಗಳ ಹಿಂದೆ ಗರಿಕೆಯಂಥ ಎರಡು ಎಳೆ ಕೂದಲು ಬಿಟ್ಟರೆ ಏನೂ ಇಲ್ಲ.

ಕುರ್ಚಿಯಲ್ಲಿ ಶಾಲೆಯ ಮೇಷ್ಟ್ರು ಕೂತಿದ್ದರು. ಅರ್ಧ ತಲೆ ಮುಗಿದಿತ್ತು.

"ಅಮ್ಮಾ, ಕತ್ತರಿ ಕೆಳಗಿಡಿ" ಅಂದರು ಸಾಹೇಬರು. "ಕುರಿಗೆ ಅಡ್ಡಿಯಿಲ್ಲ. ಮನುಷ್ಯರ ಕ್ಷೌರ ಕೃಷಿ ಅಲ್ಲ. ಇದನ್ನ ಮುಚ್ಚಬೇಕಾಗುತ್ತೆ."

"ಬರೀ ಕುರಿ ನಂಬ್ಕೊಂಡ್ರೆ ಶೆಡ್ಡೇ ಮುಚ್ಚಬೇಕಾಗುತ್ತೆ ಸಾಹೇಬ್ರೇ. ಆಮೇಲೆ ನಾನು ಪೇಟೇಲಿ ಯಾರದೋ ಅಂಗಡೀಲಿ ಪೊರಕೆ ಹಿಡೀಬೇಕು." ಅತ್ತೆಯ ದನಿ ಅಷ್ಟು ಸಣ್ಣಗಾದದ್ದನ್ನು ಯಾರೂ ಕೇಳಿರಲಿಲ್ಲ.

"ನಂಗೂ ಬೇಜಾರೇ ಅಮ್ಮ."

"ಬರೋರಲ್ಲಿ ಜಾಸ್ತಿ ರೈತರೇ ಅಲ್ವಾ? ರೈತರ ತಲೆ ಅಂದ್ಮೇಲೆ ಕೃಷಿ ತಾನೇ?"

"ರೈತ ಸಿನಿಮಾ ನೋಡಿದ ಅಂತ ಟಾಕೀಸು ಗದ್ದೆ ಆಗುತ್ತಾ?"

ಮಾವ ಮುಂದೆ ಬಂದರು. ಬೋರ್ಡಿನ ಪಾಪ ತೊಳೆದುಕೊಳ್ಳಬೇಕಿತ್ತಲ್ಲ. "ಸಾಹೇಬ್ರೇ, ಬೆಳೆ ಅಂದ್ರೇನು? ಬೆಳೆಯೋದು. ಕೂದ್ಲೂ ಬೆಳೆಯುತ್ತೆ, ನಾವು ಕೊಯ್ತೀವಿ. ಮತ್ತೆ ಬೆಳೆಯುತ್ತೆ, ಮತ್ತೆ ಕೊಯ್ತೀವಿ."

ಸಾಹೇಬರು ತಮ್ಮ ತಲೆ ಸವರಿಕೊಂಡರು. "ಹಂಗಾದ್ರೆ ನಂದು ಬರಡು ಭೂಮಿ ಅನ್ನಿ."

ಅತ್ತೆ ಮಾವನನ್ನು ನುಂಗುವ ಹಾಗೆ ನೋಡಿದರು.

"ನನ್ನ ಗತಿ?" ಅಂದರು ಮೇಷ್ಟ್ರು ಕುರ್ಚಿಯಿಂದಲೇ. "ಈ ಅರ್ಧ ತಲೆ ಇಟ್ಕೊಂಡು ಕ್ಲಾಸಿಗೆ ಹೋದ್ರೆ ಮಕ್ಕಳು ಭಿನ್ನರಾಶಿ ಬಿಟ್ಟು ನನ್ನೇ ಕಲೀತಾರೆ!"

ಅಷ್ಟರಲ್ಲಿ ಗೋಣಿಚೀಲ ಬೀಸಿಕೊಂಡು ಜೋಳದಜ್ಜ ಬಂದ. ಹೊಳೆಯಂಚಿನ ಜೋಳದ ಹೊಲ ಅವನದು. "ಏನಮ್ಮಾ ಕತ್ತರಿ, ಕೂದ್ಲು ಎಷ್ಟಿದೆ? ಹಂದಿಗಳು ಮತ್ತೆ ಬೇಲಿ ತನಕ ಬಂದಿವೆ."

"ಯಾಕಜ್ಜ, ಹಂದಿಗೆ ಕೂದಲು?" ಅಂದರು ಸಾಹೇಬರು.

"ಹೊಲದ ಸುತ್ತ ಉದುರಿಸ್ತೀನಪ್ಪ. ಕಾಡುಹಂದಿ ನೆಲ ಮೂಸ್ಕೊಂಡೇ ಬರೋದು. ಮೂಗೊಳಗೆ ಕೂದ್ಲು ಹೋಗುತ್ತೆ, ಸೀನಿ ಸೀನಿ ವಾಪಸ್ ಓಡುತ್ತೆ."

"ಕುರಿ ಉಣ್ಣೆ ಹಾಕಬಹುದಲ್ಲ?"

"ಹಾಕಿದ್ದೆ. ಹಾಸಿಗೆ ಅನ್ಕೊಂಡು ಅದ್ರ ಮೇಲೇ ಮಲಗಿದ್ವು."

ಸಾಹೇಬರ ಕಣ್ಣು ಅರಳಿತು. "ಅಂದ್ರೆ ಅಮ್ಮಾ, ನೀವು ಇಲ್ಲಿ ಬೆಳೆ ಕಾಯೋ ಸಾಮಾನು ತಯಾರು ಮಾಡ್ತೀರಿ?"

"ಅಯ್ಯೋ ಇಲ್ಲಪ್ಪ, ಅದು ಕಸ" ಅಂದರು ಅತ್ತೆ. ಅವರಿಗೆ ಸುಳ್ಳು ಅಂಟುವುದೇ ಇಲ್ಲ. "ಗುಡಿಸಿ ಮೂಲೇಲಿ ಇಟ್ಟಿರ್ತೀನಿ, ಅಜ್ಜ ಹೊತ್ಕೊಂಡು ಹೋಗ್ತಾನೆ."

ಮಾವ ಅತ್ತೆಯ ಕಾಲು ತುಳಿದರು.

"ಯಾಕ್ರೀ ಕಾಲು ತುಳೀತೀರಿ? ಕಸಾನ ಕಸ ಅನ್ನದೆ ಬಂಗಾರ ಅನ್ಲಾ?"

ಸಾಹೇಬರು ಕೈಮುಗಿದರು. "ಅಮ್ಮಾ, ದಯವಿಟ್ಟು ಅದನ್ನ ಕಸ ಅನ್ಬೇಡಿ. ಕೃಷಿಗೆ ಬೇಕಾದ ವಸ್ತು ಮಾಡೋ ಕಸುಬಿಗೆ ಇಲ್ಲಿ ಅವಕಾಶ ಇದೆ. ನೀವು ಕಸ ಅಂದ್ರೆ ನಾನು ಮುಚ್ಚಿಸಬೇಕು. ಏನಂತೀರಿ?"

ಅತ್ತೆ ಮೂಲೆಯ ರಾಶಿ ನೋಡಿದರು. ಮೇಷ್ಟ್ರ ಅರ್ಧ ತಲೆ ನೋಡಿದರು. ಅಜ್ಜನ ಕಡೆ ತಿರುಗಿದರು. "ನಿಜ ಹೇಳಜ್ಜ, ಇದ್ರಿಂದ ನಿನ್ನ ಜೋಳ ಉಳಿದಿದ್ಯಾ?"

"ಉಳೀದೇ ಇದ್ರೆ ಈ ಮಂಡಿ ನೋವಿನಲ್ಲಿ ಇಲ್ಲಿ ತನಕ ಬರ್ತಿದ್ನಾ ತಾಯಿ?"

"ಹಂಗಾದ್ರೆ ಕಸ ಅಲ್ಲ ಸಾಹೇಬ್ರೇ."

"ಸರಿ, ಕಚ್ಚಾಮಾಲು ಎಲ್ಲಿಂದ ಬರುತ್ತೆ?"

"ತಲೆಯಿಂದ."

"ಅಲ್ಲಮ್ಮಾ, ಯಾರ ತಲೆಯಿಂದ? ಅರ್ಧಕ್ಕಿಂತ ಜಾಸ್ತಿ ಈ ವಲಯದ್ದೇ ಆಗಿರ್ಬೇಕು. ಪೇಟೆ ಮಾಲು ಮಿತಿ ಮೀರಬಾರದು."

"ನಾನು ಇಲ್ಲೀದೇ ಮಾಲು!" ಅಂದರು ಮೇಷ್ಟ್ರು. "ಬೇಗ ಕೊಯ್ಯಿ ತಾಯಿ, ಬೆಲ್ಲು ಹೊಡೆಯುತ್ತೆ!"

ಅಂದಿನಿಂದ ಕತ್ತರಿಯೂ ನಿಂತಿಲ್ಲ, ಶೆಡ್ಡೂ ಮುಚ್ಚಿಲ್ಲ. ಬೋರ್ಡು ಮಾತ್ರ ಬದಲಾಯಿತು, ಬರೆದದ್ದು ಅತ್ತೆಯೇ. "ಹಂದಿ ಓಡಿಸುವ ಕೂದಲು ತಯಾರಿಕೆ. ಮಾಲನ್ನು ತಲೆಯ ಸಮೇತ ತರಬೇಕು." ತೊಂದರೆ ಆಗಿರುವುದು ಊರಿನವರಿಗೆ. ಪೇಟೆಯಿಂದ ಇಬ್ಬರು ಬಂದರೆ ಇಲ್ಲಿನ ಮೂರು ತಲೆ ಬೇಕಲ್ಲ? ಕಾರು ಕಂಡ ಕೂಡಲೇ ಅತ್ತೆ ಬೇಲಿ ಹತ್ತಿರ ಬಂದು ಕೂಗುತ್ತಾರೆ, "ಯಾರಾದ್ರೂ ಬನ್ರೋ, ತಲೆ ಸಾಲ್ತಿಲ್ಲ!" ಯಾರೂ ಸಿಗದಿದ್ದರೆ ಮಾವ ಇದ್ದೇ ಇದ್ದಾರೆ. ಆ ಕೆಂಪು ಅಕ್ಷರ ಬರೆದವರ ತಲೆ ಈಗ ಸಾಹೇಬರ ತಲೆಗೆ ಪೈಪೋಟಿ ಕೊಡುತ್ತಿದೆ.

ಮೊನ್ನೆ ಸಾಹೇಬರು ತಪಾಸಣೆಗೆ ಬಂದಿದ್ದರು. ಎಲ್ಲ ಸರಿಯಿದೆ ಅಂದಮೇಲೆ ಹೋಗದೆ, ಸ್ವಲ್ಪ ನಾಚಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು. "ಈ ಗರಿಕೆ ಸ್ವಲ್ಪ ನೋಡಿ ಅಮ್ಮ."

"ನಿಮ್ಮನ್ನ ಪೇಟೆ ಲೆಕ್ಕಕ್ಕೆ ಹಾಕ್ಲಾ, ಇಲ್ಲೀ ಲೆಕ್ಕಕ್ಕಾ?"

"ಇಷ್ಟಕ್ಕೆ ಹಂದಿ ಸೀನೋದೂ ಇಲ್ಲ. ಲೆಕ್ಕ ಬಿಟ್ಬಿಡಿ."

ಅತ್ತೆ ಗದ್ದ ಎತ್ತಿದರು, ಕಿವಿ ಮಡಚಿದರು, ಸರ್ಕಾರದ ತಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಸುಮ್ನಿರು, ಸುಮ್ನಿರು, ಆಯ್ತು ಆಯ್ತು." ಎರಡು ಸಲ ಕಚಕ್ ಅಂತ ಸದ್ದಾಯಿತು, ಅಷ್ಟೇ. ಆಮೇಲೆ ಕೈ ತನ್ನ ಪಾಡಿಗೆ ತಾನು ಮೇಲೆದ್ದು ಬೆನ್ನಿಗೆ ಪಟ್ಟಂತ ಬಾರಿಸಿತು.

"ಹೋಗು, ಮೇಯಿ ಹೋಗು!"

ಮಾವ ಕಣ್ಣು ಮುಚ್ಚಿಕೊಂಡರು. ಅತ್ತೆ ನಾಲಿಗೆ ಕಚ್ಚಿಕೊಂಡರು.

ಸಾಹೇಬರು ಎದ್ದು ಬೆನ್ನು ಸವರಿಕೊಂಡು, ಮನುಷ್ಯರ ಬಾಗಿಲು ಬಿಟ್ಟು ಕುರಿಗಳು ಹೋಗುವ ಗೇಟಿನಿಂದ ಹೊರಗೆ ಹೋದರು. ಅಲ್ಲಿ ನಿಂತು ಒಮ್ಮೆ ತಿರುಗಿ, "ಬ್ಯಾ" ಅಂದರು.