ಒಂದು ಇಂಗ್ಲಿಷ್ ಶಬ್ದದ ಬೆನ್ನು ಹತ್ತಿದ ಹನಮವ್ವ

ಮುದ್ದೇಬಿಹಾಳದಿಂದ ನಾಲ್ಕು ಮೈಲು ಆಚೆಗಿನ ಹಳ್ಳಿಯೊಂದರಲ್ಲಿ ಹನಮವ್ವ ಎಂಬ ಹೆಂಗಸು ಇದ್ದಳು. ಅಕ್ಷರ ಕಲಿತವಳಲ್ಲ. ಆದರೆ ತಾನು ಮಾಡುತ್ತಿದ್ದ ಎಂಟೆಕರೆ ಎರೆಹೊಲದ ಯಾವ ಮೂಲೆಯಲ್ಲಿ ಹಸಿ ಎಷ್ಟು ದಿನ ನಿಲ್ಲುತ್ತದೆ, ಯಾವ ಬದುವಿನ ಕೆಳಗೆ ಕರಿಕೆ ಹುಲ್ಲು ಹಬ್ಬುತ್ತದೆ ಎಂಬುದನ್ನು ಮನೆಯಲ್ಲಿ ಕೂತೇ ಹೇಳಬಲ್ಲವಳು. ಹದಿನೈದು ತುಂಬಿದಾಗ ಸೊಸೆಯಾಗಿ ಆ ಊರಿನ ಹೊರಕೇರಿಗೆ ಬಂದಳು. ಬಂದ ಮೂರನೆಯ ದಿನವೇ ಮಾವ ಯಂಕಪ್ಪ ಅವಳ ಕೈಗೆ ಕುಡುಗೋಲು ಕೊಟ್ಟು ಹೊಲಕ್ಕೆ ಕರೆದೊಯ್ದಿದ್ದ. ಯಂಕಪ್ಪನ ಕಾಲ ಮುಗಿದು ಗಂಡ ಸಿದ್ರಾಮ ಬೇಸಾಯ ಹಿಡಿದ. ಸಿದ್ರಾಮನೂ ಹಾವು ಮುಟ್ಟಿ ಸತ್ತಾಗ ಹನಮವ್ವನಿಗೆ ನಲವತ್ತು. ಹೆಂಗಸು ಎತ್ತು ಹೂಡಿದ್ದು ಕಂಡು ಬದುವಿನ ಮೇಲೆ ನಿಂತು ನಕ್ಕವರಿದ್ದರು. ಅವಳು ತಲೆ ಎತ್ತಿ ನೋಡಲಿಲ್ಲ. ಹತ್ತು ವರ್ಷ ಒಬ್ಬಳೇ ಜೋಳ, ಕಡಲೆ, ಕುಸುಬಿ ಬೆಳೆದಳು. ಇದ್ದೊಬ್ಬ ಮಗಳು ಸಾವಿತ್ರವ್ವನನ್ನು ಬಸವನ ಬಾಗೇವಾಡಿಗೆ ಕೊಟ್ಟು ಮದುವೆ ಮಾಡಿದಳು.

ಹೊಲ ಮಾತ್ರ ಅವಳದಾಗಿರಲಿಲ್ಲ. ಅದರ ಒಡೆಯರು ಸೊಲ್ಲಾಪುರದವರು. 1938ರಲ್ಲಿ ಹಿರಿಯ ಒಡೆಯರು ಊರು ಬಿಡುವಾಗ ಒಬ್ಬ ವಕೀಲರಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿ, ರಿಜಿಸ್ಟರ್ ಮಾಡಿಸಿ, ಯಂಕಪ್ಪನಿಗೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರು. ಯಂಕಪ್ಪ ಆ ಕಾಗದವನ್ನು ಬಿದಿರಿನ ಕೊಳವೆಯಲ್ಲಿಟ್ಟು ತೊಲೆಗೆ ಕಟ್ಟಿದ. ಅದನ್ನು ಓದಬಲ್ಲವರು ಆ ಕೇರಿಯಲ್ಲಿ ಹುಟ್ಟಿರಲೇ ಇಲ್ಲ.

1974ರಲ್ಲಿ ಹೊಸ ಕಾಯ್ದೆ ಬಂತು. ಲಾವಣಿ ಹೊಲವನ್ನು ಯಾರು ಮಾಡುತ್ತಿದ್ದಾರೋ ಹೊಲ ಅವರಿಗೇ ಸೇರಬೇಕೆಂದು ಡಂಗುರ ಸಾರಿದರು. ಹನಮವ್ವ ಮೊದಲ ವಾರದಲ್ಲೇ ಮುದ್ದೇಬಿಹಾಳಕ್ಕೆ ನಡೆದುಹೋಗಿ ಅರ್ಜಿ ಹಾಕಿದಳು. ವಿಚಾರಣೆಗೆ ಕರೆ ಬಂದಾಗ 1976ರ ಬೇಸಿಗೆ.

ಭೂ ನ್ಯಾಯಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಇದ್ದದ್ದನ್ನು ಅವರವರೇ ಹೇಳಿಕೊಳ್ಳಬೇಕು. ಹಿರಿಯ ಒಡೆಯರ ಮಗಳು ಇಂದುಬಾಯಿ ಆಗ ಹೊಲದ ಒಡತಿ. ಅವರ ಪರವಾಗಿ ಕಾರಭಾರಿ ಮಡಿವಾಳಪ್ಪ ಬಂದಿದ್ದ. ದಪ್ಪ ಮೀಸೆ, ಇಸ್ತ್ರಿಯ ಧೋತರ, ಮಾತಿನಲ್ಲಿ ಸೋಲದ ಮನುಷ್ಯ.

"ಈಕಿ ಲಾವಣಿದಾರಳಲ್ರಿ, ಕೂಲಿಯಾಕಿ. ಹೊಲದ ಸರಕಾರಿ ಉತಾರದಾಗ ಈಕಿ ಹೆಸರ ಇಲ್ಲ," ಎಂದ ಅವನು.

ಹನಮವ್ವ ಕೊಳವೆಯಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮಡಿವಾಳಪ್ಪ ಅದಕ್ಕೂ ಸಿದ್ಧನಾಗಿದ್ದ. ಅದೇ ಕಾಗದದ ನಕಲು ತೆಗೆಸಿ, ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಕೂರುವ ಬಾಂಡ್ ರೈಟರ್ ರಾಚಪ್ಪನಿಂದ ಕನ್ನಡಕ್ಕೆ ಮಾಡಿಸಿದ್ದ. ಅದನ್ನು ಗಟ್ಟಿಯಾಗಿ ಓದಿದ. 'ಸದರಿ ಜಮೀನಿನ ಯಂಕಪ್ಪ ಇವರು ಈ ಮೂಲಕ ಮೃತರಾಗಿದ್ದು' ಎಂದಿತ್ತು ಅದರಲ್ಲಿ.

"ನೋಡ್ರಿ ಸಾಹೇಬರ, ಇದು ಲಾವಣಿ ಪತ್ರ ಅಲ್ಲ. ಆ ಮನಶ್ಯಾ ಸತ್ತ, ಅಲ್ಲಿಗೆ ಅವನ ಹಕ್ಕ ಮುಗೀತು ಅಂತ ಬರಸಿದ್ದು."

ಹನಮವ್ವ ಎದ್ದು ನಿಂತಳು. "ಇಸವಿ ಯಾವುದ್ರಿ ಅದರಾಗ?"

"ಮೂವತ್ತೆಂಟು," ಎಂದರು ಮಂಡಳಿಯ ಅಧ್ಯಕ್ಷರು. ಅವರು ದಕ್ಷಿಣದ ಕಡೆಯಿಂದ ಬಂದ ಎಳೆಯ ಅಧಿಕಾರಿ.

"ಮೂವತ್ತೆಂಟರಾಗ ನಮ್ಮ ಮಾವ ಸತ್ತಿದ್ರ, ನಲವತ್ತೊಂದರಾಗ ನನ್ನ ಲಗ್ನದಾಗ ಅಕ್ಕಿಕಾಳ ಒಗದಾಂವ ಯಾರ್ರಿ? ಐವತ್ತೊಂಬತ್ತರ ತನಕ ನನ್ನ ಕೈಯಾನ ರೊಟ್ಟಿ ತಿಂದಾಂವ ಯಾರ್ರಿ?"

ಕೂತವರೆಲ್ಲ ನಕ್ಕರು. ಅಧ್ಯಕ್ಷರು ನಗಲಿಲ್ಲ. ಮೂಲ ಕಾಗದವನ್ನು ಎರಡು ಸಲ ಓದಿದರು. "ಮೃತ ಅಂತಲೇ ಅರ್ಥ ಬರುವ ಶಬ್ದ ಇಲ್ಲಿದೆ ಅಮ್ಮ. ನನಗೂ ಬೇರೆ ಅರ್ಥ ಗೊತ್ತಿಲ್ಲ. ಆದರೆ ವಾಕ್ಯ ಏನೋ ಸರಿಯಾಗಿ ಕೂರುತ್ತಿಲ್ಲ. ಒಂದು ತಿಂಗಳು ಸಮಯ ಕೊಡುತ್ತೇನೆ. ಅನುವಾದ ತಪ್ಪು ಅನ್ನುವುದಾದರೆ ಆಧಾರ ತೋರಿಸಿ."

"ಯಾವ ಶಬ್ದರೀ ಅದು?"

ಅವರು ಬೆರಳಿಟ್ಟು ತೋರಿಸಿದರು. "ಡಿಮೈಸ್."

ಹನಮವ್ವ ಆ ಶಬ್ದದ ಕೆಳಗೆ ಉಗುರಿನಿಂದ ಗೀರೆಳೆದು, ಕಾಗದವನ್ನು ಮತ್ತೆ ಕೊಳವೆಗೆ ಸೇರಿಸಿದಳು. ಮನೆಗೆ ಹೋಗುವ ನಾಲ್ಕು ಮೈಲೂ 'ಡಿಮೈಸ, ಡಿಮೈಸ' ಎಂದು ನಾಲಗೆಯ ಮೇಲೆ ಹೊರಳಿಸುತ್ತ ಹೋದಳು. ಹೊಲ ಕೈಬಿಟ್ಟು ಹೋಗುವ ಅಂಜಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಮಗಳಂತೆ ನೋಡಿಕೊಂಡ ಮಾವನನ್ನು ಬದುಕಿದ್ದಾಗಲೇ ಹೆಣ ಮಾಡಿಬಿಟ್ಟರಲ್ಲ ಎಂಬ ಸಿಟ್ಟು. ಆ ಸಿಟ್ಟು ಅವಳನ್ನು ಕೂರಗೊಡಲಿಲ್ಲ. ಎತ್ತುಗಳನ್ನು ನೆರೆಮನೆಯ ಯಲ್ಲವ್ವನಿಗೆ ಒಪ್ಪಿಸಿ, ಹತ್ತು ಕಟಕ ರೊಟ್ಟಿ ಕಟ್ಟಿಕೊಂಡು ಬಾಗೇವಾಡಿಯ ಬಸ್ಸು ಹತ್ತಿದಳು.

ಬಾಗೇವಾಡಿಯಲ್ಲಿ ಮಗಳ ಮನೆಯ ಹಿಂದಿನ ಓಣಿಯಲ್ಲಿ ಪರಪ್ಪ ಮಾಸ್ತರರು ಇದ್ದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹನಮವ್ವ ಅವರ ಕಟ್ಟೆಯ ಕೆಳಗೇ ಕೂರಲು ಹೋದಾಗ, "ಕೆಳಗ ಕುಂತ್ರ ಕಾಗದ ಹೆಂಗ ಓದ್ಲಿ? ಮ್ಯಾಲ ಬಾರವಾ," ಎಂದು ಗದರಿ ಕುರ್ಚಿ ಎಳೆದುಕೊಟ್ಟರು. ಕಾಗದ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಒಳಗಿನಿಂದ ಡಿಕ್ಷನರಿ ತರಿಸಿ ನೋಡಿದರು.

"ಇದರಾಗ ಸಾವು ಅಂತನ ಐತಿ. ಆದ್ರ ನಾಮಪದ ಅಷ್ಟ ಕೊಟ್ಟಾರ. ನಿನ್ನ ಕಾಗದದಾಗ ಇದು ಕ್ರಿಯಾಪದ ಆಗೇತಿ. ಮತ್ತ ಇಲ್ಲಿ ನೋಡು, 'ಯಂಕಪ್ಪನಿಗೆ' ಅಂತ ಬರದಾರ, 'ಯಂಕಪ್ಪ' ಅಂತಲ್ಲ. ಒಬ್ಬರು ಇನ್ನೊಬ್ಬರಿಗೆ ಏನರ ಕೊಡಬಹುದು. ಒಬ್ಬರು ಇನ್ನೊಬ್ಬರಿಗೆ ಸಾಯಾಕ ಬರತೈತೇನು?"

"ಹಂಗಾರ ಇದರ ಅರ್ಥ ಏನ್ರಿ?"

"ನನಗ ಗೊತ್ತಿಲ್ಲ," ಎಂದರು ಮಾಸ್ತರರು. ಮೂವತ್ತು ವರ್ಷದಲ್ಲಿ ಆ ಮಾತನ್ನು ಅವರು ಹೆಚ್ಚು ಸಲ ಆಡಿರಲಿಕ್ಕಿಲ್ಲ. "ಇದು ಸಾಲಿ ಇಂಗ್ಲಿಷ್ ಅಲ್ಲ, ಕೋರ್ಟಿನ ಇಂಗ್ಲಿಷ್. ಸಿಂದಗಿಯಾಗ ಶಹಾಬುದ್ದೀನ ಅಂತ ಅದಾರ. ಮುಂಬಯಿ ಸರಕಾರದ ಕಾಲದಾಗ ಮುನಸೀಫ ಕೋರ್ಟಿನ ಶಿರಸ್ತೇದಾರ ಆಗಿದ್ರು. ಅವರನ್ನ ಕೇಳು."

ಮರುದಿನ ಸಿಂದಗಿ. ಬಸ್ಸು ಕೆಟ್ಟು ದಾರಿಯಲ್ಲಿ ಎರಡು ತಾಸು ನಿಂತಿತು. ಇಳಿದು, ಕೇಳಿ ಕೇಳಿ ಮನೆ ಹುಡುಕಿದರೆ ಬಾಗಿಲಿಗೆ ಬೀಗ. ಎದುರು ಮನೆಯ ಬಾಳಮ್ಮ ಶ್ಯಾವಿಗೆ ಒಣಹಾಕುತ್ತಿದ್ದವಳು ತಲೆ ಎತ್ತಿದಳು. "ಸಾಹೇಬರ ಕಣ್ಣಿಗೆ ಪೊರಿ ಬಂದೈತಿ. ಇಂಡಿಗೆ ಮಗಳ ಮನಿಗೆ ಹೋಗ್ಯಾರ. ಯಾವಾಗ ಬರ್ತಾರೋ ಏನೋ. ನೀ ಊರಿಗೆ ಹೋಗಿಬಿಡು ತಂಗಿ, ಈ ಬಿಸಲಾಗ ಎಲ್ಲಿ ತಿರಗತಿ?"

"ಇಂಡಿ ಬಸ್ ಎಷ್ಟೊತ್ತಿಗೆ ಐತಿ?" ಎಂದಳು ಹನಮವ್ವ.

ಇಂಡಿಯಲ್ಲಿ ಶಹಾಬುದ್ದೀನರು ಮಗಳ ಮನೆಯ ಹಿತ್ತಲಲ್ಲಿ, ನಿಂಬೆ ಗಿಡದ ನೆರಳಿನಲ್ಲಿ ಮಂಚ ಹಾಕಿಕೊಂಡು ಕೂತಿದ್ದರು. ಎಪ್ಪತ್ತೈದು ದಾಟಿದ ಮುದುಕ. ಎದುರಿನವರ ಮುಖ ಅವರಿಗೆ ಮಬ್ಬುಮಬ್ಬಾಗಿ ಕಾಣುತ್ತಿತ್ತು. ಹನಮವ್ವ ಬಂದ ಕಾರಣ ಹೇಳಿದಳು. ಕಾಗದ ಬಿಚ್ಚುವ ಮೊದಲೇ ಶಬ್ದ ಹೇಳಿದಳು. "ಡಿಮೈಸ ಅಂದ್ರ ಏನ್ರಿ ಸಾಹೇಬರ?"

ಮುದುಕನ ಮುಖ ಅರಳಿತು. "ಅರೆ! ಈ ಶಬ್ದ ಕೇಳಿ ಇಪ್ಪತ್ತು ವರ್ಷ ಆತು. ಯಾರ ಹೇಳಿಕೊಟ್ರು ನಿನಗ?" ಮಗಳನ್ನು ಕರೆದು ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿಸಿ ಕೇಳಿದರು. ಹನಮವ್ವನಿಗೆ ನೀರು, ಚಹಾ ಕೊಡಿಸಿ ಹೇಳತೊಡಗಿದರು.

"ಈ ಶಬ್ದ ಮೂಲದಾಗ ಇಂಗ್ಲಿಷರದಲ್ಲವಾ, ಫ್ರಾನ್ಸ್ ದೇಶದ್ದು. ಕೈಬಿಡೋದು, ಬಿಟ್ಟುಕೊಡೋದು, ಅಷ್ಟ ಇದರ ಅರ್ಥ. ಇಂಗ್ಲೆಂಡಿನ ವಕೀಲರು ಅದನ್ನ ತಗೊಂಡ್ರು. ಹೊಲದ ಮಾಲಕ ಇಷ್ಟು ವರ್ಷ ಅಂತ ತನ್ನ ಹೊಲಾ ಇನ್ನೊಬ್ಬನ ಕೈಗೆ ಕೊಟ್ರ ಅದಕ್ಕ ಡಿಮೈಸ್ ಅಂದ್ರು. ನಾವು ಲಾವಣಿ ಕೊಡೋದು ಅಂತೀವಲ್ಲ, ಅದ."

"ಹಂಗಾರ ನಡುವ ಸಾವು ಎಲ್ಲಿಂದ ಬಂತ್ರಿ?"

"ರಾಜರಿಂದ ಬಂತು. ಅಲ್ಲಿ ರಾಜ ಸತ್ರ ಕಾಗದದಾಗ ಸತ್ತ ಅಂತ ಬರೀತಿದ್ದಿಲ್ಲ. ಕಿರೀಟ ಒಬ್ಬರ ಕೈಯಾಗಿಂದ ಇನ್ನೊಬ್ಬರ ಕೈಗೆ ಹೋತು ಅಂತ ಬರೀತಿದ್ರು. ಅದಕ್ಕೂ ಇದ ಶಬ್ದ. ಮಂದಿ ನೋಡಿದ್ರು. ಈ ಶಬ್ದ ಬಂದಾಗೊಮ್ಮೆ ಒಬ್ಬ ರಾಜ ಸತ್ತಿರ್ತಾನ. ಅಂದಮ್ಯಾಲ ಇದರ ಅರ್ಥ ಸಾವ ಇರಬೇಕು ಅಂತ ತಿಳಕೊಂಡ್ರು. ಬರಬರತ ದೊಡ್ಡ ಮಂದಿ ಸಾವಿಗೆ ಬಂತು, ಆಮ್ಯಾಲ ಎಲ್ಲಾರ ಸಾವಿಗೂ ಬಂತು. ಹಳೇ ಅರ್ಥ ಹೋಗಿ ಕೋರ್ಟಿನ ಕಪಾಟಿನಾಗ ಕುಂತತು. ನಿನ್ನ ಕಾಗದ ಬರದಾಂವ ಕೋರ್ಟಿನ ಮನಶ್ಯಾ. ನಿಮ್ಮ ಮಾವ ಸತ್ತಾನಂತ ಅಂವ ಬರದಿಲ್ಲ, ನಿಮ್ಮ ಮಾವಗ ಹೊಲಾ ಕೊಟ್ಟೇನಿ ಅಂತ ಬರದಾನ."

ಹನಮವ್ವನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಇನ್ನೊಮ್ಮೆ ಹೇಳ್ರಿ," ಎಂದಳು.

ಅವರು ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಅವಳೇ ಹೇಳಿದಳು, ಅವರು ತಿದ್ದಿದರು. ಎರಡು ದಿನ ಅವಳು ಆ ಮನೆಯಲ್ಲೇ ಉಳಿದಳು. ಸುಮ್ಮನೆ ಕೂರದೆ ನಿಂಬೆ ಗಿಡಗಳ ಪಾತಿ ಕೆದರಿ ನೀರುಣಿಸಿದಳು. ಬಾಯಿಪಾಠ ನಡೆದೇ ಇತ್ತು. ಹೊರಡುವಾಗ ಶಹಾಬುದ್ದೀನರು, "ಕಣ್ಣಿದ್ದಿದ್ರ ನಾನ ಬರ್ತಿದ್ದೆ. ನನ್ನ ಬದಲಿ ಇದನ್ನ ಒಯ್ಯಿ," ಎಂದು ಹಳೆಯ ಕಾನೂನು ಕೋಶವೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಬೇಕಾದ ಪುಟವನ್ನು ಅವರ ಮಗಳು ಹುಡುಕಿದಳು. ಹನಮವ್ವ ಅಲ್ಲಿ ತನ್ನ ಬಸ್ಸಿನ ಚೀಟಿ ಇಟ್ಟಳು. ಆ ಪುಸ್ತಕ ಒಂದು ಕೂಸಿನಷ್ಟು ಭಾರವಿತ್ತು. ಮುದ್ದೇಬಿಹಾಳದವರೆಗೂ ಅವಳು ಅದನ್ನು ತೊಡೆಯಿಂದ ಇಳಿಸಲಿಲ್ಲ.

ಎರಡನೆಯ ವಿಚಾರಣೆಯ ದಿನ ಕೋಣೆ ತುಂಬಿತ್ತು. ಹೊರಕೇರಿಯ ಮುದುಕಿಗೆ ಇಂಗ್ಲಿಷ್ ಬಂದಿದೆಯಂತೆ ಎಂದು ಸುದ್ದಿ ಹಬ್ಬಿತ್ತು. ಹನಮವ್ವ ಮೊದಲು ಪರಪ್ಪ ಮಾಸ್ತರರ ಮಾತು ಹೇಳಿದಳು, ಆಮೇಲೆ ಶಹಾಬುದ್ದೀನರ ಮಾತು. ಕಿರೀಟ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದನ್ನು ಒಂದಕ್ಷರ ತಪ್ಪದೆ ಹೇಳಿದಳು.

ಮಡಿವಾಳಪ್ಪ ನಡುವೆ ಬಾಯಿ ಹಾಕಿದ. "ಇದೆಂಥಾ ಕತಿ ಹೇಳಾಕತ್ತೀ? ಒಂದ ಶಬ್ದಕ್ಕ ಎರಡ ಅರ್ಥ ಇರ್ತಾವೇನು?"

ಹನಮವ್ವ ಅವನತ್ತ ತಿರುಗಿದಳು. ಈ ಮಾತನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಇಂಡಿಯಿಂದ ಬರುವ ದಾರಿಯಲ್ಲಿ ಅವಳಿಗೇ ಹೊಳೆದದ್ದು. "ಗೌಡ್ರ, ನನ್ನ ಗಂಡ ಹೋದ ಅಂದ್ರ ಸತ್ತ ಅಂತ ನಿಮಗ ತಿಳೀತೈತಿ. ನೀವು ಮನ್ನಿ ತಾಳಿಕೋಟಿ ಸಂತಿಗೆ ಹೋದ್ರಿ ಅಂತ ಕೇಳೇನಿ. ನಿಮ್ಮ ಮನ್ಯಾಗ ಯಾರೂ ಅತ್ತಿಲ್ಲಲ್ರಿ!"

ಈ ಸಲ ಅಧ್ಯಕ್ಷರೂ ನಕ್ಕರು. ಅವಳು ಗಂಟು ಬಿಚ್ಚಿ, ಚೀಟಿ ಇಟ್ಟ ಪುಟ ತೆರೆದು ಅವರ ಮುಂದೆ ಸರಿಸಿದಳು. ಅವರು ಓದಿದರು. ಸದಸ್ಯರಿಗೆ ತೋರಿಸಿದರು. ಕಿಟಕಿಯಾಚೆ ನಿಂತಿದ್ದ ರಾಚಪ್ಪನನ್ನು ಒಳಗೆ ಕರೆಸಿದರು. ರಾಚಪ್ಪ ಆ ಪುಟ ನೋಡಿ ಬೆವರಿದ.

"ತಪ್ಪ ನಂದರಿ. ನನ್ನ ಸಣ್ಣ ಡಿಕ್ಷನರಿಯಾಗ ಸಾವು ಅಂತ ಅಷ್ಟ ಇತ್ತು. ವಾಕ್ಯ ಹೊಂದಲಿಲ್ಲ, ನಾನ ಜಗ್ಗಿ ಹೊಂದಿಸಿದ್ನಿ." ಯಾರೂ ಕೇಳದೆಯೇ ಅವನು ಹನಮವ್ವನಿಗೆ ಕೈಮುಗಿದ.

ಒಂದು ಶಬ್ದದಿಂದಲೇ ಹೊಲ ಬಂದುಬಿಡಲಿಲ್ಲ. 1938ರ ಲಾವಣಿ ಮುಂದೆಯೂ ನಡೆದು ಬಂದಿತ್ತೆಂದು ತೋರಿಸಬೇಕಿತ್ತು. ಮಂಡಳಿಯವರು ಹೊಲಕ್ಕೇ ಬಂದರು. ಯಲ್ಲವ್ವ ಸಾಕ್ಷಿ ಹೇಳಿದಳು. ಪಕ್ಕದ ಹೊಲದ ಚನ್ನವ್ವ ಮಡಿವಾಳಪ್ಪನ ದೂರದ ಬಳಗದವಳು. ಹೇಳಲೋ ಬೇಡವೋ ಎಂದು ಬಹಳ ಹೊತ್ತು ಸೆರಗು ಹಿಂಡಿ, ಕೊನೆಗೆ, "ಈಕಿನ ಮಾಡ್ಯಾಳ್ರಿ. ಬಿತ್ತಾಕ ಕೂರಿಗಿ ಹಿಡಿಯೂದ ನಾನ ಕಣ್ಣಾರೆ ನೋಡೇನಿ," ಎಂದಳು. ಹತ್ತು ವರ್ಷದ ಹಿಂದೆ ಬದುವಿನ ಮೇಲೆ ನಿಂತು ನಕ್ಕವರ ಪೈಕಿ ಅವಳೂ ಒಬ್ಬಳಿದ್ದಳು. ಆ ವರ್ಷದ ಹಿಂಗಾರಿ ಬಿತ್ತನೆಗೆ ಮುಂಚೆ ಆದೇಶ ಬಂತು. ಎಂಟೆಕರೆಯೂ ಹನಮವ್ವನ ಹೆಸರಿಗೆ.

ಅವಳು ಪುಸ್ತಕ ಹೊತ್ತು ಮತ್ತೆ ಇಂಡಿಗೆ ಹೋದಳು. ಶಹಾಬುದ್ದೀನರ ಒಂದು ಕಣ್ಣಿನ ಪೊರೆ ಅಷ್ಟರಲ್ಲಿ ತೆಗೆಸಿಯಾಗಿತ್ತು. ಆದೇಶದ ಕಾಗದವನ್ನು ಅವರೇ ಹಿಡಿದು, ಯಾರ ಸಹಾಯವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಓದಿದರು. "ಕನ್ನಡದಾಗ ಬರದಾರ. ಛಲೋ ಆತು," ಎಂದರು.

ಆ ಮೇಲೆ ಹನಮವ್ವ ಮಗಳ ಹತ್ತಿರ ಸಹಿ ಮಾಡಲು ಕಲಿತಳು. ನಾಲ್ಕೇ ಅಕ್ಷರವಾದರೂ ಒತ್ತಕ್ಷರ ಬರೆಯುವಷ್ಟರಲ್ಲಿ ಅವಳ ಬೆರಳು ನೋಯುತ್ತಿತ್ತು. 1979ರಲ್ಲಿ ಲಾವಣಿ ಹೊಲಕ್ಕೆ ಅರ್ಜಿ ಹಾಕಲು ಕಡೆಯ ಅವಕಾಶವೆಂದು ತಿಳಿದಾಗ ಸುತ್ತಲಿನ ಹಳ್ಳಿಗಳ ಗಂಡನಿಲ್ಲದ ಹೆಂಗಸರನ್ನು ಹುಡುಕಿಕೊಂಡು ತಿರುಗಿದಳು. ಸಿದ್ದಲಿಂಗವ್ವ ಎಂಬವಳು ಮೈದುನನ ಹೆಸರಿನಲ್ಲಿ ಅರ್ಜಿ ಬರೆಸಲು ಹೊರಟಿದ್ದಳು. ಹನಮವ್ವ ಅವಳ ಕೈ ಹಿಡಿದು ಬೇವಿನ ಗಿಡದ ಕೆಳಗೆ ರಾಚಪ್ಪನ ಎದುರು ಕೂರಿಸಿದಳು.

"ಹೊಲಾ ಮಾಡಾಕಿ ಯಾರು?"

"ನಾನ," ಎಂದಳು ಸಿದ್ದಲಿಂಗವ್ವ.

"ಹಂಗಾರ ಆಕಿ ಹೆಸರ ಬರೀರಿ ರಾಚಪ್ಪನವರ. ಬರದಮ್ಯಾಲ ಒಮ್ಮೆ ನನಗ ಓದಿ ಹೇಳ್ರಿ."

ರಾಚಪ್ಪ ಬರೆದ. ಬರೆದು, ಒಂದೊಂದು ಶಬ್ದಕ್ಕೂ ಬೆರಳಿಟ್ಟು ನಿಧಾನವಾಗಿ ಓದಿದ.